ಸುದ್ದಿಯ ಕರ್ತೃಪದ

ಪತ್ರಿಕಾ ಸ್ವಾತಂತ್ರ್ಯ ಎಂದ ಕೂಡಲೇ ನಮ್ಮ ಬುದ್ಧಿಜೀವಿಗಳಿಗೆ ನೆನಪಾಗುವುದು 1975ರ ತುರ್ತುಪರಿಸ್ಥಿತಿ. ಅಧಿಕಾರಿ ಕೂತು ಸುದ್ದಿಗೆ ಕತ್ತರಿ ಹಾಕಿದ ಕಾಲ ಅದು. ನೆನೆಯಬೇಕಾದ್ದೇ. ಆದರೆ ಕೇರಿಯ ಮಟ್ಟಿಗೆ ಕತ್ತರಿ ಅದಕ್ಕೂ ಮುಂಚೆ ಇತ್ತು, 1977ರಲ್ಲಿ ಸೆನ್ಸಾರ್ ಹೋದ ಮೇಲೂ ಉಳೀತು. ಆ ಕತ್ತರಿಗೆ ಸರಕಾರಿ ಆದೇಶ ಬೇಕಿರಲಿಲ್ಲ, ಅಭ್ಯಾಸವೇ ಸಾಕಿತ್ತು. ದಲಿತ ವಿಮರ್ಶೆ ಇಷ್ಟು ದಿನ ಕತೆ, ಕವಿತೆ, ಕಾದಂಬರಿಗಳಲ್ಲಿ ಜಾತಿಯ ನೋಟವನ್ನು ಹುಡುಕಿದೆ. ಪ್ರತಿದಿನ ಬೆಳಿಗ್ಗೆ ಚಾದಂಗಡಿಯ ಬೆಂಚಿನ ಮೇಲೆ ಓದಿಸಿಕೊಳ್ಳುವ ಪಠ್ಯವನ್ನು ಅಷ್ಟಾಗಿ ಮುಟ್ಟಿಲ್ಲ. ಸುದ್ದಿಯನ್ನೂ ನಾವು ವಿಮರ್ಶೆಯ ಕಣ್ಣಿನಿಂದ ಓದಬೇಕು ಅನ್ನೋದು ನನ್ನ ವಾದ.

ಈ ಜಗಳ ಹೊಸದಲ್ಲ. 1920ರ ಜನವರಿ 31ರಂದು ಅಂಬೇಡ್ಕರ್ ಮರಾಠಿಯಲ್ಲಿ 'ಮೂಕನಾಯಕ' ಪಾಕ್ಷಿಕವನ್ನು ಆರಂಭಿಸಿದರು. ಹಣದ ನೆರವು ಕೊಟ್ಟವರು ಕೊಲ್ಹಾಪುರದ ಶಾಹು ಮಹಾರಾಜರು. ಪತ್ರಿಕೆ ಬರ್ತಿದೆ ಅಂತ 'ಕೇಸರಿ'ಗೆ ಜಾಹೀರಾತು ಕಳಿಸಿದರೆ, ದುಡ್ಡು ಕೊಡ್ತೀವಿ ಅಂದರೂ ಅದು ಅಚ್ಚಾಗಲಿಲ್ಲ. 'ಕೇಸರಿ'ಯಲ್ಲಿ ಬಂದ ಬರಹಗಳಿಗಾಗಿ ರಾಜದ್ರೋಹದ ಆರೋಪ ಹೊತ್ತು ಜೈಲು ಕಂಡವರು ತಿಲಕರು. ಬ್ರಿಟಿಷರ ಕತ್ತರಿಯ ಗಾಯ ಬಲ್ಲ ಪತ್ರಿಕೆಗೆ ತನ್ನ ಕೈಯಲ್ಲಿದ್ದ ಕತ್ತರಿ ಕಾಣಲಿಲ್ಲ.

1948ರಲ್ಲಿ ಸಂವಿಧಾನ ಸಭೆಯಲ್ಲಿ, ಪತ್ರಿಕಾ ಸ್ವಾತಂತ್ರ್ಯವನ್ನು ಬೇರೆಯಾಗಿ ಹೆಸರಿಸಿ ಬರೆಯಬೇಕೆಂಬ ಒತ್ತಾಯ ಬಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಪ್ರಜೆಗಿಲ್ಲದ ವಿಶೇಷ ಹಕ್ಕು ಪತ್ರಿಕೆಗೂ ಇಲ್ಲ, ಸಂಪಾದಕನೂ ಪ್ರಜೆಯೇ, ಬರೆಯುವಾಗ ಅವನು ಚಲಾಯಿಸುವುದು ತನ್ನ ಮಾತಿನ ಹಕ್ಕನ್ನೇ ಎಂಬುದು ಅವರ ನಿಲುವಿನ ಸಾರ. 19(1)(ಎ) ವಿಧಿಯಲ್ಲಿ ಪತ್ರಿಕೆ ಎಂಬ ಪದವೇ ಇಲ್ಲ. ಇದು ನನಗೆ ಬರೀ ಕಾನೂನಿನ ಮಾತಾಗಿ ಕಾಣೋದಿಲ್ಲ. ಪತ್ರಿಕೆಯ ಸ್ವಾತಂತ್ರ್ಯ ಅಂದರೆ ಬರೆಯುವ ಪ್ರಜೆಯ ಸ್ವಾತಂತ್ರ್ಯ ಅಂತಾದರೆ, ಬರೆಯುತ್ತಿರುವ ಪ್ರಜೆ ಯಾರು ಅಂತ ಕೇಳಲೇಬೇಕಾಗುತ್ತೆ.

ಕೇಳಿದವರಿದ್ದಾರೆ. 1996ರಲ್ಲಿ ಬಿ.ಎನ್. ಉನಿಯಾಲ್ ದಿಲ್ಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ, ಸಿಗದೆ, ಆ ಹುಡುಕಾಟವನ್ನೇ 'ಪಯನೀರ್' ಪತ್ರಿಕೆಯಲ್ಲಿ ಬರೆದರು. 2006ರಲ್ಲಿ ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್, ಯೋಗೇಂದ್ರ ಯಾದವ್ ಸೇರಿ ದಿಲ್ಲಿಯ 37 ಮಾಧ್ಯಮ ಸಂಸ್ಥೆಗಳಲ್ಲಿ ತೀರ್ಮಾನ ಮಾಡುವ ಜಾಗದಲ್ಲಿದ್ದ 315 ಮಂದಿಯನ್ನು ಎಣಿಸಿದರು. ಅವರಲ್ಲಿ ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 121 ನಾಯಕತ್ವದ ಹುದ್ದೆಗಳನ್ನು ನೋಡಿದಾಗ 106 ಮೇಲ್ಜಾತಿಯವರ ಕೈಯಲ್ಲಿದ್ದವು. ಪರಿಶಿಷ್ಟರ ಲೆಕ್ಕ ಆಗಲೂ ಸೊನ್ನೆ.

ಈ ಸೊನ್ನೆ ಸುದ್ದಿಗೆ ಏನು ಮಾಡುತ್ತೆ? ದಿಲ್ಲಿಯಲ್ಲಿ ಆ ಎಣಿಕೆ ನಡೆದ ವರ್ಷವೇ, 2006ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ಭೋತಮಾಂಗೆ ಕುಟುಂಬದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರವರು ಕೊಂದರು. ಮೊದಲು ಹಬ್ಬಿದ ಸುದ್ದಿ 'ಅನೈತಿಕ ಸಂಬಂಧ'. ಜಮೀನಿನ ತಕರಾರು, ಆ ತಾಯಿ ಒಂದು ಹಲ್ಲೆಯ ಬಗ್ಗೆ ಸಾಕ್ಷಿ ಹೇಳಿದ್ದು, ಇವೆಲ್ಲ ಹಿಂದೆ ಸರಿದವು. ದೊಡ್ಡ ಪತ್ರಿಕೆಗಳು ಕಣ್ಣು ಬಿಡೋ ಹೊತ್ತಿಗೆ ವಾರಗಳೇ ಉರುಳಿದ್ದವು. 2008ರಲ್ಲಿ ಭಂಡಾರಾದ ನ್ಯಾಯಾಲಯ ಎಂಟು ಮಂದಿಯನ್ನು ಅಪರಾಧಿಗಳೆಂದಿತು, ಆದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸೋದಿಲ್ಲ ಎಂದಿತು. ಮೊದಲ ಸುದ್ದಿಯಲ್ಲಿ ಮಾಯವಾದ ಜಾತಿ ತೀರ್ಪಿನಲ್ಲೂ ಸಿಗಲಿಲ್ಲ.

ನಾನು ಕನ್ನಡ ಪಾಠ ಮಾಡುವವನು. ಬಿ.ಎ. ಹುಡುಗರಿಗೆ ವ್ಯಾಕರಣ ಹೇಳುವಾಗ ಸುದ್ದಿಯ ವಾಕ್ಯಗಳನ್ನೇ ಬೋರ್ಡಿನ ಮೇಲೆ ಬರೀತೀನಿ. 'ಎರಡು ಗುಂಪುಗಳ ನಡುವೆ ಘರ್ಷಣೆ' ಅಂದರೆ ಹೊಡೆದವರೂ ಹೊಡೆಸಿಕೊಂಡವರೂ ಒಂದೇ ತಕ್ಕಡಿಗೆ ಬಿದ್ದ ಹಾಗೆ. 'ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸಾವು' ಅಂದಾಗ ಇಳಿದವನು ಇದ್ದಾನೆ, ಇಳಿಸಿದವನು ಇಲ್ಲ. ಸುರಕ್ಷೆಯಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅಪರಾಧ ಅಂತ ಬರೆದರೆ ಮಾಡಿದವನ ಹೆಸರು ಬೇಕಾಗುತ್ತೆ. 'ದುರಂತ' ಅಂತ ಬರೆದರೆ ವಾಕ್ಯಕ್ಕೆ ಕರ್ತೃಪದವೇ ಬೇಡ. ಇನ್ನು ನಮ್ಮ ಭಾಷೆಯಲ್ಲಿ ಏಕವಚನ, ಬಹುವಚನದ ಗುಟ್ಟೊಂದಿದೆ. ಒಂದೇ ಸುದ್ದಿಯಲ್ಲಿ ಜಮೀನ್ದಾರರು 'ಗಾಯಗೊಂಡಿದ್ದಾರೆ', ಕೂಲಿಯವನು 'ಸತ್ತಿದ್ದಾನೆ'. ಯಾವ ಇಂಗ್ಲಿಷ್ ಪತ್ರಿಕೆಯಲ್ಲೂ ಅಡಗಿಕೊಳ್ಳಬಹುದಾದ ಜಾತಿ, ಕನ್ನಡದ ಕ್ರಿಯಾಪದದಲ್ಲಿ ಬಾಲ ಬಿಟ್ಟು ಕೂರುತ್ತೆ.

ಹಾಗಂತ ಪತ್ರಿಕಾ ಸ್ವಾತಂತ್ರ್ಯ ಮೇಲ್ಜಾತಿಯವರ ತಲೆನೋವು ಅಂತ ಕೈತೊಳೆದುಕೊಳ್ಳೋ ಹಾಗಿಲ್ಲ. 2020ರಲ್ಲಿ ಉತ್ತರ ಪ್ರದೇಶದ ಹಾಥರಸ್‌ನಲ್ಲಿ ದಲಿತ ಯುವತಿಯ ಮೇಲೆ ನಡೆದ ಕ್ರೌರ್ಯ ಹೊರಬಿದ್ದಾಗ ಪೊಲೀಸರು ಪತ್ರಕರ್ತರನ್ನು ಆ ಹಳ್ಳಿಗೇ ಬಿಡದೆ ತಡೆದರು. ಕೇರಳದ ಪತ್ರಕರ್ತ ಸಿದ್ದೀಕ್ ಕಪ್ಪನ್ ಅಲ್ಲಿಗೆ ಹೋಗುವ ದಾರಿಯಲ್ಲೇ ಬಂಧನಕ್ಕೊಳಗಾಗಿ, ಯುಎಪಿಎ ಕಾಯ್ದೆಯ ಕೇಸು ಹೊತ್ತು, 2023ರ ಫೆಬ್ರವರಿಯಲ್ಲಷ್ಟೇ ಜೈಲಿನಿಂದ ಹೊರಬಂದರು. ಪ್ರಭುತ್ವ ರಸ್ತೆಗೆ ಅಡ್ಡ ನಿಂತಾಗ ಮೊದಲು ಕತ್ತಲಾಗೋದು ನಮ್ಮ ಕೇರಿಯೇ.

ಹಾಗಾದರೆ ಯಾವ ಸುದ್ದಿಯನ್ನು ನಂಬೋದು? ನಮ್ಮವನು ಬರೆದ ಅಂದ ಮಾತ್ರಕ್ಕೆ ಸುದ್ದಿ ನಿಜವಾಗೋದಿಲ್ಲ. ನಮ್ಮ ಪತ್ರಿಕೆಯ ಒಂದು ಸುಳ್ಳು ಅಂಕಿ ಸಾಕು, ಎದುರಾಳಿ ವಕೀಲ ಇಡೀ ದೌರ್ಜನ್ಯವನ್ನೇ ಸುಳ್ಳು ಅಂತ ವಾದಿಸೋದಕ್ಕೆ. ಆದ್ದರಿಂದ ನಮ್ಮದು, ಅವರದು ಎರಡನ್ನೂ ಒಂದೇ ಒರೆಗೆ ಹಚ್ಚಬೇಕು. ವರದಿಗಾರ ಠಾಣೆಯ ತನಕ ಹೋದನೋ, ಕೇರಿಯ ತನಕ ಬಂದನೋ? ನೊಂದವರ ಮಾತು ಅವರದೇ ಬಾಯಲ್ಲಿದೆಯೋ, 'ಎನ್ನಲಾಗಿದೆ'ಯೊಳಗೆ ಕರಗಿದೆಯೋ? ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ಅಂತ ಬರೆದಿದೆಯೋ? ಹೊಡೆದವನು ಕರ್ತೃಪದದಲ್ಲಿದ್ದಾನೋ? ಮಾರನೇ ವಾರ ಪತ್ರಿಕೆ ಅದೇ ಊರಿಗೆ ಮತ್ತೆ ಹೋಯಿತೋ? ಇಷ್ಟು ಕೇಳೋದಕ್ಕೆ ದೊಡ್ಡ ಓದು ಬೇಕಿಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೂ ಕೇಳಬಹುದು. ನಮ್ಮ ಹಾಸ್ಟೆಲುಗಳಲ್ಲಿ ಸಂಜೆ ಒಂದರ್ಧ ಗಂಟೆ ಎರಡು ಪತ್ರಿಕೆ ಪಕ್ಕಪಕ್ಕ ಇಟ್ಟು ಹೀಗೆ ಓದೋ ರೂಢಿ ಬೆಳೆದರೆ, ಅದೂ ದಲಿತ ವಿಮರ್ಶೆಯ ಕೆಲಸವೇ.