ಮೂವತ್ತೊಂಬತ್ತು ತಟ್ಟೆಗಳ ಪಂಕ್ತಿ

ತಟ್ಟೆ ಅಂದರೆ ಉಣ್ಣುವ ಸಾಮಾನು, ಅಷ್ಟೆ ಅನ್ನುವವರು ಹೋಟೆಲಿನ ಹೊರಗೆ ನಿಂತು ಬೇರೆ ಇಟ್ಟ ಲೋಟದಲ್ಲಿ ಟೀ ಕುಡಿದವರಲ್ಲ. ಯಾರ ಎಲೆ ಎಲ್ಲಿ ಅನ್ನೋದೇ ನಮ್ಮ ಚರಿತ್ರೆ. ಆ ಕಣ್ಣಿನಿಂದಲೇ ಅಮೆರಿಕದ ಜೂಡಿ ಶಿಕಾಗೊ ಅವರ ‘ದಿ ಡಿನ್ನರ್ ಪಾರ್ಟಿ’ಯನ್ನು ನೋಡಬೇಕು.

ಚರಿತ್ರೆ ಮರೆತ ಹೆಂಗಸರನ್ನು ಊಟಕ್ಕೆ ಕೂರಿಸುವ ಕೃತಿಯಿದು. 1974ರಿಂದ 1979ರವರೆಗೆ ನೂರಾರು ಜನ ಇದಕ್ಕೆ ದುಡಿದರು. ಮುಕ್ಕೋನದ ಮೇಜು, ಒಂದೊಂದು ಪಕ್ಕಕ್ಕೆ 13ರಂತೆ 39 ಪಿಂಗಾಣಿ ತಟ್ಟೆ. ಕಸೂತಿ, ಪಿಂಗಾಣಿಗೆ ಬಣ್ಣ ಹಾಕುವುದು ‘ಹೆಂಗಸರ ಕೈಕೆಲಸ’ ಅಂತ ಗಂಡಸರ ಕಲಾಲೋಕ ಮೂಲೆಗೆ ತಳ್ಳಿತ್ತು. ಅದನ್ನೇ ತಂದು ಮೇಜಿನ ಮೇಲಿಟ್ಟದ್ದು ಬಂಡಾಯವೇ ಸರಿ. ಹೆಚ್ಚಿನ ತಟ್ಟೆಗಳಲ್ಲಿ ಯೋನಿಯ ಆಕಾರ ಹೂವಾಗಿ, ಚಿಟ್ಟೆಯಾಗಿ ಅರಳಿದೆ.

ಆದರೆ ಆ ಪಂಕ್ತಿಯಲ್ಲಿ ಅಮೆರಿಕದ ಕರಿಯ ಹೆಂಗಸು ಒಬ್ಬಳೇ: ಗುಲಾಮಳಾಗಿ ಹುಟ್ಟಿ ಬಿಡುಗಡೆಗಾಗಿ ಗುಡುಗಿದ ಸೊಜರ್ನರ್ ಟ್ರೂತ್. ಅವಳ ತಟ್ಟೆಯಲ್ಲಿ ಹೂವಿಲ್ಲ, ಚಿಟ್ಟೆಯಿಲ್ಲ. ಮೂರು ಮುಖಗಳಿವೆ, ಒಂದು ಅಳುತ್ತದೆ, ಒಂದು ಸಿಟ್ಟಾಗಿದೆ, ಒಂದು ಮುಖವಾಡ. ಲೇಖಕಿ ಆಲಿಸ್ ವಾಕರ್ 1979ರಲ್ಲೇ ಇದನ್ನು ಎತ್ತಿ ಕೇಳಿದರು. ಮಾರಿಹೋದ ಮಗನನ್ನು ಕೋರ್ಟಿಗೆ ಹೋಗಿ 1828ರಲ್ಲಿ ಗೆದ್ದು ತಂದ ತಾಯಿಯ ಒಡಲೆಲ್ಲಿ? ಬಿಳಿಯ ಹೆಂಗಸಿಗೆ ಮೈ, ಕರಿಯಳಿಗೆ ಬರೀ ಸಂಕಟವೆ?

2007ರಿಂದ ಈ ಮೇಜು ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಕಾಯಂ ಆಗಿದೆ. ಕೃತಿಯನ್ನು ತಳ್ಳಿಹಾಕುವುದು ಬೇಡ. ಆದರೆ ಪಂಕ್ತಿಗೆ ಕರೆದ ಮಾತ್ರಕ್ಕೆ ಸಮಾನತೆ ಬಂತು ಅಂತ ಕೈ ತೊಳೆಯುವುದೂ ಬೇಡ. ಎಲೆ ಹಾಕಿದವರು ಯಾರು, ಯಾರಿಗೆ ಏನು ಬಡಿಸಿದರು ಅಂತಲೂ ಕೇಳಬೇಕು.