ಬೆಸುಗೆಯೋ, ಬೋಲ್ಟೋ? ತಪ್ಪಾಗಿ ಕೇಳಿದ ಒಂದು ಪ್ರಶ್ನೆ

ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಪುಟ್ಟ ಟ್ರೇಲರನ್ನು, ಒಳಗೆ ಇಬ್ಬರು ಮಲಗುವಂತೆ, ಮನೆಯಲ್ಲೇ ತಯಾರಿಸುವುದು ಹೊರದೇಶಗಳಲ್ಲಿ ಹಳೆಯ ಹವ್ಯಾಸ. ಅತ್ತಾವರದ ನಮ್ಮ ಮನೆಗೆ ಬರುವ ಇಬ್ಬರು ವಿದ್ಯಾರ್ಥಿಗಳು ಇಂಥದೊಂದರ ನಕ್ಷೆಯನ್ನು ಪ್ರಾಜೆಕ್ಟಿಗಾಗಿ ಬರೆದು ತಂದಿದ್ದರು. ಚೌಕಟ್ಟಿನ ವಿಷಯದಲ್ಲಿ ಅವರಿಗೆ ಜಗಳ. “ಬೆಸುಗೆ ಹಾಕಿದರೆ ಚೌಕಟ್ಟೆಲ್ಲ ಒಂದೇ ತುಂಡು ಸರ್, ಬೋಲ್ಟ್ ಅಲುಗಾಡಿ ಸಡಿಲವಾಗುತ್ತದೆ” ಎಂದು ಒಬ್ಬ. “ಬೆಸುಗೆ ಬಿರುಕು ಬಿಡುತ್ತದೆ, ಬೋಲ್ಟಾದರೆ ಬದಲಿಸಬಹುದು” ಎಂದು ಇನ್ನೊಬ್ಬ. ಎರಡೂ ಜನಪ್ರಿಯ ವಾದಗಳು. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಏನೆಂಬುದನ್ನು ನೋಡೋಣ.

ಊರಿನ ಎರಡು ಸಾಕ್ಷಿಗಳು

ಬಂದರಿನಲ್ಲಿ ನಿಂತಿರುವ ಲಾರಿಯ ಅಡಿಗೆ ಬಗ್ಗಿ ನೋಡಿ. ಉದ್ದದ ಎರಡು ತೊಲೆಗಳಿಗೆ ಅಡ್ಡಪಟ್ಟಿಗಳನ್ನು ಸಾಮಾನ್ಯವಾಗಿ ರಿವೆಟ್ ಇಲ್ಲವೆ ಬೋಲ್ಟ್‌ಗಳಿಂದ ಜೋಡಿಸಿರುತ್ತಾರೆ. ಹೊಂಡದ ರಸ್ತೆಯಲ್ಲಿ ಲಾರಿಯ ಚೌಕಟ್ಟು ತುಸು ತಿರುಚಿಕೊಳ್ಳಲೇಬೇಕು. ಬೋಲ್ಟ್ ಪಕ್ಷದವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅಲ್ಲಿಂದ ಮಂಗಳೂರು ಸೆಂಟ್ರಲ್ ನಿಲ್ದಾಣಕ್ಕೆ ಬನ್ನಿ. ಹಿಂದೆ ಹಳಿಗಳ ತುದಿಗಳನ್ನು ಫಿಶ್‌ಪ್ಲೇಟ್ ಮತ್ತು ಬೋಲ್ಟ್‌ಗಳಿಂದ ಸೇರಿಸುತ್ತಿದ್ದರು. ಗಾಲಿ ದಾಟುವಾಗಲೆಲ್ಲ ಕೀಲಿಗೆ ಏಟು ಬಿದ್ದು, ಬೋಲ್ಟಿನ ರಂಧ್ರದ ಅಂಚಿನಿಂದಲೇ ಬಿರುಕು ಹೊರಡುತ್ತಿತ್ತು. ಆದ್ದರಿಂದ ರೈಲ್ವೆ ಇಲಾಖೆ ಬೆಸೆದ ಉದ್ದ ಹಳಿಗಳ ಕಡೆಗೆ ತಿರುಗಿತು. ಇಲ್ಲಿ ಗೆದ್ದದ್ದು ಬೆಸುಗೆ.

ಹಾಗಾದರೆ ಯಾವ ಸಾಕ್ಷಿಯನ್ನು ನಂಬಬೇಕು? ಎರಡನ್ನೂ. ಹಳಿಯ ಬೆಸುಗೆಯನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸುತ್ತಾರೆ. ರಸ್ತೆ ಬದಿಯ ವರ್ಕ್‌ಶಾಪಿನಲ್ಲಿ ಕಣ್ಣಳತೆಯೇ ಪರೀಕ್ಷೆ. ಈ ವ್ಯತ್ಯಾಸವನ್ನು ಬಿಟ್ಟು ಮಾಡುವ ಹೋಲಿಕೆಗೆ ಅರ್ಥವಿಲ್ಲ.

ಬಲ ಎರಡಕ್ಕೂ ಇದೆ

ತಲೆಯ ಮೇಲೆ 8.8 ಎಂಬ ಗುರುತಿರುವ 12 ಮಿ.ಮೀ. ಬೋಲ್ಟನ್ನು ತೆಗೆದುಕೊಳ್ಳಿ. 30 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 30 ಕಿ.ಗ್ರಾಂ ಭಾರದಷ್ಟು ಬಲ ಹಾಕಿ ಬಿಗಿದರೆ, ಅದು ಎರಡು ತಗಡುಗಳನ್ನು ಸುಮಾರು 38,000 ನ್ಯೂಟನ್ ಬಲದಿಂದ ಹಿಡಿದಿಡುತ್ತದೆ. ಘರ್ಷಣಾಂಕ 0.2 ಎಂದಿಟ್ಟುಕೊಂಡರೆ 7,600 ನ್ಯೂಟನ್‌ವರೆಗೆ ತಗಡುಗಳು ಜಾರುವುದಿಲ್ಲ. 500 ಕಿ.ಗ್ರಾಂ ಗಾಡಿಯ ತೂಕವೇ ಸುಮಾರು 4,900 ನ್ಯೂಟನ್! ಅಂದರೆ ಬಿಗಿದ ಬೋಲ್ಟು ಗೂಟದಂತಲ್ಲ, ಇಕ್ಕಳದಂತೆ ಕೆಲಸ ಮಾಡುತ್ತದೆ. ನಮ್ಮ ಪಾಠದ ಲೆಕ್ಕಗಳಲ್ಲಿ ಹೆಚ್ಚಾಗಿ ಬೋಲ್ಟು ಕತ್ತರಿಸಿ ಹೋಗುವುದನ್ನೇ ಕೇಳುತ್ತೇವೆ. ಈ ಹಿಡಿತದ ಮಾತು ಬರುವುದೇ ಅಪರೂಪ.

ಬೆಸುಗೆಯೂ ಕಡಿಮೆಯದಲ್ಲ. 4 ಮಿ.ಮೀ. ಅಳತೆಯ ಮೂಲೆಬೆಸುಗೆಯ ಅತ್ಯಂತ ತೆಳು ಭಾಗ ಸುಮಾರು 2.8 ಮಿ.ಮೀ. 50 ಮಿ.ಮೀ. ಉದ್ದಕ್ಕೆ 140 ಚದರ ಮಿ.ಮೀ. ಆಯಿತು. ಚದರ ಮಿ.ಮೀ.ಗೆ 100 ನ್ಯೂಟನ್ ಹೊರಿಸಿದರೂ 14,000 ನ್ಯೂಟನ್ ತಾಳುತ್ತದೆ. ಹೀಗಾಗಿ ನಿಂತ ಗಾಡಿಯ ಮಟ್ಟಿಗೆ ‘ಯಾವುದು ಗಟ್ಟಿ’ ಎಂಬ ಜಗಳವೇ ವ್ಯರ್ಥ.

ದಣಿವಿನ ಲೆಕ್ಕ

ಓಡುವ ಗಾಡಿ ಒಂದೇ ಏಟಿಗೆ ಮುರಿಯುವುದು ಕಡಿಮೆ, ದಣಿದು ಮುರಿಯುವುದೇ ಹೆಚ್ಚು. ಉಕ್ಕಿನ ರಚನೆಗಳ ಯುರೋಪಿನ ಸಂಹಿತೆ (ಇಎನ್ 1993-1-9) 20 ಲಕ್ಷ ಆವರ್ತನೆಗಳಿಗೆ ಪ್ರತಿಯೊಂದು ಬಗೆಯ ಕೀಲಿಗೂ ಒಂದು ಪೀಡನ ಮಿತಿಯನ್ನು ಕೊಡುತ್ತದೆ. ಎರಡೂ ಬದಿ ಪಟ್ಟಿಯಿಟ್ಟು ಚೆನ್ನಾಗಿ ಬಿಗಿದ ಬೋಲ್ಟ್ ಕೀಲಿಗೆ 112 ಮೆಗಾಪಾಸ್ಕಲ್. ಭಾರ ಹೊರುವ ಮೂಲೆಬೆಸುಗೆಯ ಬುಡಕ್ಕೆ 36 ಮಾತ್ರ. ಪೀಡನ ಎರಡು ಪಟ್ಟಾದರೆ ಆಯುಷ್ಯ ಎಂಟನೆಯ ಒಂದಾಗುತ್ತದೆ ಎಂಬ ಘನ ನಿಯಮದಂತೆ ನೋಡಿದರೆ, ಒಂದೇ ಪೀಡನದಲ್ಲಿ ಇವುಗಳ ಆಯುಷ್ಯದ ಅಂತರ ಸುಮಾರು 30 ಪಟ್ಟು. ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳುಗಳು ಮೊದಲೇ ಇರುವುದು ಇದಕ್ಕೆ ಮುಖ್ಯ ಕಾರಣ. ದುಬಾರಿ ಉಕ್ಕು ತಂದರೂ ಅವು ಮಾಯವಾಗುವುದಿಲ್ಲ.

ಸಣ್ಣ ಬೆಸುಗೆಯೆಂದು ಅಸಡ್ಡೆ ಮಾಡುವವರು 1980ರ ಮಾರ್ಚ್ 27ನ್ನು ನೆನೆಯಬೇಕು. ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಎಂಬ ತೇಲುವ ವೇದಿಕೆ ಅಂದು ಮಗುಚಿ, ಅದರಲ್ಲಿದ್ದ 212 ಜನರಲ್ಲಿ 123 ಜನ ಸತ್ತರು. ಉಪಕರಣವೊಂದನ್ನು ಕೂರಿಸಲು ಆಧಾರ ಕೊಳವೆಗೆ ಹಾಕಿದ್ದ 6 ಮಿ.ಮೀ. ಮೂಲೆಬೆಸುಗೆಯಿಂದ ಬಿರುಕು ಬೆಳೆದಿತ್ತು. ನಮ್ಮ ಗಾಡಿಗೆ ದೀಪದ ಕೊಂಡಿಯನ್ನು ಎಳೆಗೋಲಿನ ಅಂಚಿಗೆ ‘ಒಂದು ಚುಕ್ಕೆ’ ಬೆಸೆಯುವುದೂ ಇದೇ ಬಗೆಯ ತಪ್ಪು.

ಬೋಲ್ಟಿನವನೂ ಹಿಗ್ಗಬೇಕಾಗಿಲ್ಲ. 112ರ ಅಂಕಿ ಸರಿಯಾಗಿ ಬಿಗಿದ ಬೋಲ್ಟಿನದು. ತಗಡು ಅಡ್ಡಕ್ಕೆ ಜಾರತೊಡಗಿದರೆ ನಟ್ಟು ತಾನೇ ಬಿಚ್ಚಿಕೊಳ್ಳುತ್ತದೆಂದು ಜರ್ಮನಿಯ ಯುಂಕರ್ 1969ರಲ್ಲಿ ತೋರಿಸಿದರು. ಸ್ಪ್ರಿಂಗ್ ವಾಷರ್ ಹಾಕಿದೆವೆಂಬ ಸಮಾಧಾನ ಇಲ್ಲಿ ಸಾಲದು. ಟೊಳ್ಳು ಚೌಕ ಪೈಪಿಗೆ ಆರಪಾರ ಬೋಲ್ಟ್ ಬಿಗಿದರೆ ಪೈಪೇ ಚಪ್ಪಟೆಯಾಗಿ ಹಿಡಿತ ಹೋಗುತ್ತದೆ, ಒಳಗೆ ತೋಳು ಕೊಡಬೇಕು. ತೊಲೆಯ ಮೇಲು-ಕೆಳ ಅಂಚುಗಳಲ್ಲಿ ರಂಧ್ರ ಕೊರೆಯುವುದೂ ತಪ್ಪು, ಬಾಗುವಾಗ ಪೀಡನ ಅಲ್ಲಿಯೇ ಅತಿ ಹೆಚ್ಚು. ರಂಧ್ರ ನಡುಪಟ್ಟಿಯಲ್ಲಿರಲಿ.

ಕರಾವಳಿಯ ಮಾತು

ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ, ಜೊತೆಗೆ ಉಪ್ಪುಗಾಳಿ. ಜಿ.ಐ. ಪೈಪನ್ನು ಬೆಸೆದಲ್ಲಿ ಸತುವಿನ ಲೇಪ ಉಳಿಯದು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು, ಸತು 907ಕ್ಕೇ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಕುಡಿದವನಿಗೆ ಜ್ವರವೂ ಬರುತ್ತದೆ. ರಂಧ್ರ ಕೊರೆದ ಬಳಿಕ ಸತು ಲೇಪಿಸಿ ಬೋಲ್ಟ್ ಹಾಕಿದರೆ ಈ ತೊಂದರೆಯಿಲ್ಲ. ಆದರೆ ಎರಡು ತಗಡುಗಳ ಸಂದಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ, ಅಲ್ಲಿ ಬಣ್ಣ ತುಂಬಬೇಕು.

ಇಷ್ಟೆಲ್ಲ ಆದಮೇಲೆ ನಾನು ಹುಡುಗರಿಗೆ ಹೇಳಿದ್ದು ಇಷ್ಟೇ: ‘ಯಾವುದು ಗಟ್ಟಿ’ ಎಂದು ಕೇಳಬೇಡಿ. ‘ಈ ಕೀಲು ಎಲ್ಲಿದೆ, ಇದರ ಬಿರುಕು ನನಗೆ ಕಾಣುತ್ತದೆಯೇ’ ಎಂದು ಕೇಳಿ. ಪೀಡನ ಕಡಿಮೆಯಿರುವ ಕಡೆ ಬೆಸುಗೆ ಇರಲಿ. ಎಳೆಗೋಲು ಚೌಕಟ್ಟಿಗೆ ಸೇರುವಲ್ಲಿ ಬಿಗಿದ ಬೋಲ್ಟುಗಳೂ ಒಂದು ಸುರಕ್ಷಾ ಸರಪಳಿಯೂ ಇರಲಿ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿಯಿಲ್ಲದೆ ಅದನ್ನು ರಸ್ತೆಗಿಳಿಸುವಂತಿಲ್ಲ. ಶಿರಾಡಿ ಘಾಟಿಯಲ್ಲಿ ಎಳೆಗೋಲು ಮುರಿದರೆ ಮೊದಲು ಸಾಯುವವನು ಹಿಂದೆ ಬರುತ್ತಿರುವ ಬೈಕ್ ಸವಾರ. ಅವನು ನಮ್ಮ ನಕ್ಷೆಯನ್ನು ನೋಡಿದವನಲ್ಲ.

ಶಿಕ್ಷಕರು ತರಗತಿಯಲ್ಲೇ ಒಂದು ಪ್ರಯೋಗ ಮಾಡಿಸಬಹುದು. ಒಂದೇ ಅಳತೆಯ ಎರಡು ತಂತಿಗಳಲ್ಲಿ ಒಂದಕ್ಕೆ ಅರದಿಂದ ಸಣ್ಣ ಕಚ್ಚು ಹಾಕಿ, ಎರಡನ್ನೂ ಹಿಂದೆ ಮುಂದೆ ಬಗ್ಗಿಸಿ ಎಣಿಸಲಿ. ಕಚ್ಚಿನ ತಂತಿ ಎಷ್ಟು ಬೇಗ ತುಂಡಾಗುತ್ತದೆಂದು ಕಂಡ ಮಗು ಮುಂದೆ ಯಾವ ಕೀಲನ್ನೂ ಕುರುಡಾಗಿ ನಂಬುವುದಿಲ್ಲ.