ಕುದುರೆ, ಕೋವಿ ಮತ್ತು ಕಥೆ

ಕಳೆದ ಅಮಾವಾಸ್ಯೆಗೆ ಅಕ್ಕನ ಸಂಸಾರದೊಡನೆ ಉಕ್ಕಡಗಾತ್ರಿಗೆ ಹೋಗಬೇಕಾಯಿತು. ಹರಿಹರ ತಾಲ್ಲೂಕಿನ ಈ ಹೊಳೆದಂಡೆಯ ಕ್ಷೇತ್ರ ನಮ್ಮ ಕಡೆಯ ಓದುಗರಿಗೆ ಹೊಸದಲ್ಲ. ಮನಸ್ಸು ಕದಡಿದವರನ್ನು, ಗಾಳಿ ಸೋಕಿದೆಯೆಂದು ನಂಬಿದವರನ್ನು, ಯಾರೋ ಮದ್ದು ಹಾಕಿದರೆಂದು ಹೆದರಿದವರನ್ನು ಮನೆಯವರು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಕರೆತರುತ್ತಾರೆ. ಅಕ್ಕ ಕರೆತಂದುದು ತನ್ನ ಒಬ್ಬನೇ ಮಗನನ್ನು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. “ರಾತ್ರೆಲ್ಲಾ ಕುದ್ರಿ ಓಡಿಸ್ತಾನೆ, ಗುಂಡು ಹಾರಿಸ್ತಾನೆ. ಬೆಳಗ್ಗೆ ಊಟ ಸೇರಲ್ಲ, ಮಾತಿಲ್ಲ ಕತಿಯಿಲ್ಲ. ಏನೋ ಹಿಡ್ಕಂಡೈತಿ ತಮ್ಮಾ ಇವನಿಗೆ. ಓದಿದಾತ ನೀನು, ನೀನಾದ್ರೂ ಒಂದ್ ಮಾತು ಹೇಳು” ಎಂದಳು.

ಹಿಡಿದುಕೊಂಡುದು ಏನೆಂದು ತಿಳಿಯದೆ ಬುದ್ಧಿ ಹೇಳುವುದು ವಿಮರ್ಶೆಯ ಧರ್ಮವಲ್ಲ. ಮಾರನೆಯ ರಾತ್ರಿ ಹುಡುಗನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅವನು ಆಡುವುದನ್ನು ಬೆಳಗಿನ ಜಾವದವರೆಗೆ ನೋಡಿದೆ. ಸಾಹಿತ್ಯದ ಪುಟದಲ್ಲಿ ಕಂಪ್ಯೂಟರ್ ಆಟದ ಮಾತೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಈ ಆಟದ ಹಿಂದೆ ಇರುವುದು ಒಂದು ಕಾದಂಬರಿ. ಆದ್ದರಿಂದ ಕನ್ನಡ ಮೇಷ್ಟರಾದ ನನಗೂ ಇಲ್ಲಿ ಎರಡು ಮಾತು ಆಡುವ ಹಕ್ಕುಂಟು.

ಆಟದ ಹೆಸರು “ಮೌಂಟ್ ಅಂಡ್ ಬ್ಲೇಡ್: ವಿತ್ ಫೈರ್ ಅಂಡ್ ಸ್ವೋರ್ಡ್”. 2011ರಲ್ಲಿ ಹೊರಬಂದುದು. ತುರ್ಕಿಯ ಟೇಲ್‌ವರ್ಲ್ಡ್ಸ್ ಸಂಸ್ಥೆ ಸಿಚ್ ಸ್ಟುಡಿಯೋದೊಡನೆ ಸೇರಿ ರೂಪಿಸಿದ್ದು. ಹೆಸರೂ ಹಿನ್ನೆಲೆಯೂ ಬಂದಿರುವುದು ಪೋಲೆಂಡಿನ ಹೆನ್ರಿಕ್ ಸಿಯೆನ್‌ಕಿಯೆವಿಚ್ 1884ರಲ್ಲಿ ಪ್ರಕಟಿಸಿದ “ಬೆಂಕಿ ಮತ್ತು ಕತ್ತಿ” ಎಂಬರ್ಥದ ಐತಿಹಾಸಿಕ ಕಾದಂಬರಿಯಿಂದ. ಈತ 1905ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. 1648ರಲ್ಲಿ ಪೋಲೆಂಡಿನ ಆಳ್ವಿಕೆಯ ವಿರುದ್ಧ ಖ್ಮೆಲ್ನಿತ್ಸ್ಕಿಯ ನಾಯಕತ್ವದಲ್ಲಿ ಕಸಾಕರು ಎದ್ದ ದಂಗೆ ಕಾದಂಬರಿಯ ವಸ್ತು. ಕುದುರೆಯ ಕಾಲ ಇನ್ನೂ ಮುಗಿದಿರಲಿಲ್ಲ. ಕೋವಿಯ ಕಾಲ ಆಗಲೇ ಬಂದಿತ್ತು. ಆ ಸಂಧಿಕಾಲವೇ ಆಟದ ಜೀವ.

ಮೊದಲು ಗುಣವನ್ನು ಹೇಳಿಬಿಡುತ್ತೇನೆ. ಈ ಆಟದಲ್ಲಿ ಕುದುರೆಗೆ ತೂಕವಿದೆ. ನಿಂತ ಕುದುರೆಯ ಮೇಲಿನ ಕತ್ತಿಯ ಏಟು ಬೇರೆ, ನಾಗಾಲೋಟದಲ್ಲಿ ಬಂದ ಕುದುರೆಯ ಮೇಲಿನ ಏಟು ಬೇರೆ; ವೇಗವನ್ನು ಲೆಕ್ಕ ಹಾಕಿ ಪೆಟ್ಟಿನ ಬಲವನ್ನು ಆಟ ನಿರ್ಣಯಿಸುತ್ತದೆ. ಈಟಿಯನ್ನು ಕಂಕುಳಲ್ಲಿ ಅವುಚಿಕೊಂಡು ನೇರ ನುಗ್ಗಿದರೆ ಅದರ ಮುಂದೆ ನಿಲ್ಲುವವರಿಲ್ಲ. ಹುಡುಗ ಇದರಲ್ಲಿ ಪಳಗಿದ್ದಾನೆ. ಎಡಕ್ಕೆ ಹೊರಳಿ, ಬಲಕ್ಕೆ ಬಾಗಿ, ಎದುರಾಳಿಯ ಪಕ್ಕೆಯನ್ನು ಸವರಿಕೊಂಡು ಹೋಗುವಾಗ ನಾನೂ ಕುರ್ಚಿಯ ತುದಿಗೆ ಬಂದಿದ್ದೆ. ವೀರರಸಕ್ಕೆ ಉತ್ಸಾಹ ಸ್ಥಾಯಿಭಾವವೆಂದು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಆ ರಾತ್ರಿ ಅದು ಮೈಗೆ ತಿಳಿಯಿತು.

ಅಷ್ಟರಲ್ಲಿ ಒಂದು ಘಟನೆ ನಡೆಯಿತು. ಸ್ವೀಡನ್ನಿನ ಕೋವಿಯವರು ಸಾಲಾಗಿ ನಿಂತಿದ್ದರು. ಹುಡುಗ ಅವರ ಮೇಲೆ ಕುದುರೆ ಬಿಟ್ಟ. ದೂರದಲ್ಲಿ ಬಿಳಿಯ ಹೊಗೆ ಎದ್ದಿತು. ಅಷ್ಟೆ. ಹತ್ತಾರು ಕಾಳಗ ಗೆದ್ದು ಬಂದ ವೀರ, ಹೊಡೆದವನ ಮುಖವನ್ನೂ ಕಾಣದೆ, ನೆಲಕ್ಕುರುಳಿದ. “ಇಷ್ಟೇನೇನೋ?” ಎಂದು ಕೇಳಿದೆ. “ಇಷ್ಟೇ ಮಾಮಾ. ಒಂದ್ ಗುಂಡು ಸಾಕು. ಆದ್ರೆ ಅವರಿಗೆ ಮತ್ತೆ ಮದ್ದು ತುಂಬಾಕೆ ಬಾಳ ಹೊತ್ತು ಹಿಡೀತೈತಿ. ಅಷ್ಟ್ರಾಗೆ ನಾವು ಮೇಲೆ ಬೀಳ್ಬೇಕು” ಎಂದ.

ಈ ಒಂದು ಮಾತಿನಲ್ಲಿ ಆ ಕಾಲದ ಯುದ್ಧದ ಸತ್ಯವೆಲ್ಲ ಇದೆ. ಬತ್ತಿಯ ಕೋವಿಯನ್ನು ಸಜ್ಜುಮಾಡುವುದು ಸಣ್ಣ ಕೆಲಸವಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಸಲಾಕೆಯಿಂದ ಗಿಡಿಯಬೇಕು, ಕಿವಿಯ ಬಳಿ ಪುಡಿಮದ್ದು ಇಡಬೇಕು, ಉರಿಯುವ ಬತ್ತಿ ಮಳೆಗಾಳಿಗೆ ಆರದಂತೆ ಕಾಯಬೇಕು. ಆ ನಡುವಿನ ಹೊತ್ತಿನಲ್ಲಿ ಕುದುರೆ ಎಷ್ಟು ದೂರ ಓಡೀತು ಎಂಬ ಲೆಕ್ಕದ ಮೇಲೆ ಸಾವಿರಾರು ಜನರ ಸಾವು ಬದುಕು ನಿಂತಿತ್ತು. ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ, ಚಲನಚಿತ್ರಗಳಲ್ಲಿ, ಈ ಲೆಕ್ಕವನ್ನು ನಾನು ಕಂಡುದು ಕಡಮೆ. ಅಲ್ಲಿ ಕತ್ತಿಗೆ ವರ್ಣನೆಯುಂಟು, ಕುದುರೆಗೆ ಹೆಸರುಂಟು. ಕೋವಿಗೆ ಮಾತ್ರ “ಗುಂಡಿನ ಮಳೆಗರೆಯಿತು” ಎಂಬ ಒಂದು ವಾಕ್ಯ. ಮಳೆ ತಾನಾಗಿ ಸುರಿಯುತ್ತದೆ, ಸುರಿಸುವವನೊಬ್ಬ ಬೇಕಿಲ್ಲ. ಕೋವಿ ಹಿಡಿದವನನ್ನು ಆ ವಾಕ್ಯ ಹೊಗೆಯಲ್ಲಿ ಮರೆಸಿಬಿಡುತ್ತದೆ.

ಇದು ನಮಗೆ ಗೊತ್ತಿಲ್ಲದ ಲೋಕವೇನೂ ಅಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಯನ್ನು ಮುತ್ತಿದಾಗ ಕ್ರಿಸ್ತೋವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಡನೆ ಜತೆಗಿದ್ದ. ಗೋಡೆಯ ಮೇಲಿಂದ ತಲೆಯೆತ್ತಿದವರನ್ನು ಇವರು ಹೊಡೆದುರುಳಿಸುತ್ತಿದ್ದರೆ, ಕೆಳಗಿನವರು ನಿರಾತಂಕವಾಗಿ ಕೋಟೆಯ ಕಲ್ಲು ಕೀಳುತ್ತಿದ್ದರೆಂದು ನೂನಿಜ್ ಬರೆದಿದ್ದಾನೆ. ಅದೇ ಪೋರ್ಚುಗೀಸರು ವಿಜಯನಗರಕ್ಕೆ ಕಡಲಾಚೆಯ ಕುದುರೆಗಳನ್ನೂ ಮಾರುತ್ತಿದ್ದರು. ಕುದುರೆಯೂ ಕೋವಿಯೂ ಒಂದೇ ಹಡಗಿನ ದಾರಿಯಲ್ಲಿ ಬಂದವು. 1565ರಲ್ಲಿ ರಕ್ಕಸತಂಗಡಿಯ ಬಯಲಲ್ಲಿ ಫಿರಂಗಿಗಳ ಎದುರು ವಿಜಯನಗರದ ಸೇನೆಗೆ ಒದಗಿದ ಗತಿ ಶಾಲೆಯ ಮಕ್ಕಳಿಗೂ ಗೊತ್ತು.

ಮಾತುಗಳೂ ಸಾಕ್ಷಿ ಹೇಳುತ್ತವೆ. ಕೋವಿ ಎಂದರೆ ಕೊಳವೆ; ಮನೆಯ ಮಾತನ್ನೇ ಹೊಸ ಆಯುಧಕ್ಕೆ ಕೊಟ್ಟೆವು. ತುಪಾಕಿ ತುರ್ಕಿಯ ಮಾತು; ಈ ಆಟ ಮಾಡಿದವರ ನುಡಿಯಿಂದಲೇ ಹೊರಟು ಪಾರಸಿಯನ್ನು ಹಾದು ನಮ್ಮ ಲಾವಣಿಗೆ ಬಂದು ಕುಳಿತಿದೆ. ಇನ್ನು ಮದ್ದು: ರೋಗಕ್ಕೂ ಅದೇ, ಕೋವಿಗೂ ಅದೇ, ಉಕ್ಕಡಗಾತ್ರಿಗೆ ಬರುವ ತಾಯಂದಿರ ಭಯಕ್ಕೂ ಅದೇ.

1648 ಎಂದೆನಲ್ಲ, ಅದೇ ವರ್ಷ ಕನ್ನಡದಲ್ಲಿ ಗೋವಿಂದವೈದ್ಯ “ಕಂಠೀರವ ನರಸರಾಜ ವಿಜಯ”ವನ್ನು ಬರೆದ. 1639ರಲ್ಲಿ ಬಿಜಾಪುರದ ರಣದುಲ್ಲಾಖಾನ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಮೈಸೂರಿನ ಅರಸು ಅವನನ್ನು ಹಿಮ್ಮೆಟ್ಟಿಸಿದ ಕಥೆ ಅದರಲ್ಲಿದೆ. ಪುರಾಣದ ಕಾಳಗವನ್ನಲ್ಲ, ಹತ್ತು ವರ್ಷದೊಳಗೆ ತನ್ನವರೇ ಕಾದಿದ ಕಾಳಗವನ್ನು ಕವಿ ಸಾಂಗತ್ಯದಲ್ಲಿ ಹಾಡಿದ. ಪೋಲೆಂಡಿನ ಕಾದಂಬರಿಕಾರ ಎರಡು ಶತಮಾನ ಹಿಂತಿರುಗಿ ನೋಡಿ ಬರೆದುದನ್ನು ಜಗತ್ತಿನ ತರುಣರು ಇಂದು ಆಡುತ್ತಿದ್ದಾರೆ. ಕಣ್ಣಳತೆಯ ದೂರದಿಂದ ಬರೆದ ನಮ್ಮ ಕವಿಯನ್ನು ಎಂ.ಎ. ತರಗತಿಯ ಹೊರಗೆ ಓದುವವರಿಲ್ಲ. ಇದಕ್ಕೆ ಹೊರಗಿನವರನ್ನು ದೂರಿ ಫಲವಿಲ್ಲ. ಗೋವಿಂದವೈದ್ಯನನ್ನು ಅಲಂಕಾರಗಳ ಪಟ್ಟಿಯಾಗಿ ಕಲಿಸಿದವರಲ್ಲಿ ನಾನೂ ಒಬ್ಬ.

ಇನ್ನು ದೋಷದ ಮಾತು. ಗುಂಡು ತಗುಲಿ ಉರುಳಿದ ಹುಡುಗನ ವೀರ ಸತ್ತನೆ? ಇಲ್ಲ. ಈ ಆಟದಲ್ಲಿ ಆಡುವವನು ಸಾಯುವುದೇ ಇಲ್ಲ. ಮೂರ್ಛೆ ಹೋಗುತ್ತಾನೆ, ಸೆರೆಯಾಗುತ್ತಾನೆ, ತಪ್ಪಿಸಿಕೊಂಡು ಬಂದು ಮತ್ತೆ ದಂಡು ಕಟ್ಟುತ್ತಾನೆ. ಸಾವೆಲ್ಲ ಸುತ್ತಲಿನವರಿಗೆ. ಕುದುರೆಯ ಪಾಡು ಇನ್ನೂ ವಿಚಿತ್ರ. ಪೆಟ್ಟು ತಿಂದ ಕುದುರೆ ಕುಂಟಾಗಬಹುದು, ಸಾಯಲೂಬಹುದು. ಅಷ್ಟರಮಟ್ಟಿಗೆ ಆಟ ಪ್ರಾಮಾಣಿಕವಾಗಿದೆ. ಆದರೆ ಆ ಕುದುರೆಗೆ ಮೇವು ಬೇಡ, ನೀರು ಬೇಡ. ದಂಡಿನ ಆಳುಗಳಿಗೆ ರೊಟ್ಟಿ ಮಾಂಸ ಒದಗಿಸುವ ಲೆಕ್ಕವಿದೆ, ಕುದುರೆಯ ಹುಲ್ಲಿನ ಲೆಕ್ಕವಿಲ್ಲ. ಕ್ರಿ.ಶ. 1400ರ ಸುಮಾರಿನಲ್ಲಿಯೇ ಅಭಿನವಚಂದ್ರ ಕನ್ನಡದಲ್ಲಿ ಅಶ್ವವೈದ್ಯವನ್ನು ಕುರಿತು ಗ್ರಂಥ ಬರೆದ. ಕುದುರೆಗೆ ರೋಗ ಬರುತ್ತದೆಂಬುದು ತಿಳಿದ ಜನಕ್ಕೆ ಇದು ಸಣ್ಣ ಕೊರತೆಯಾಗಿ ಕಾಣದು. ಏಕೆಂದರೆ ಹುಲ್ಲಿನ ಲೆಕ್ಕ ಬಿಟ್ಟರೆ ಊರಿನ ಲೆಕ್ಕವೂ ಬಿಟ್ಟುಹೋಗುತ್ತದೆ. ಸಾವಿರ ಕುದುರೆಯ ದಂಡು ಹಾದುಹೋದ ಹಳ್ಳಿಯಲ್ಲಿ ಆ ವರ್ಷ ದನಕ್ಕೆ ಮೇವು ಉಳಿದೀತೆ? ಆಟದಲ್ಲಿ ಹಳ್ಳಿಯನ್ನು ಕೊಳ್ಳೆ ಹೊಡೆಯಬಹುದು. ಕೆಲವು ಕಾಲ ಹಾಳುಬಿದ್ದು ಮತ್ತೆ ಚಿಗುರಿಕೊಳ್ಳುತ್ತದೆ. ಹುಡುಗ ಅಂಥ ಹಳ್ಳಿಯೊಂದನ್ನು ಸುಡುವಾಗ ಮುಖದ ಮೇಲೆ ಯಾವ ಭಾವವೂ ಇರಲಿಲ್ಲ. ಅಕ್ಕ ಹೆದರಿದುದು ಆ ಮುಖವನ್ನು ನೋಡಿ ಇರಬೇಕು.

ನಾವಿರುವ ಹರಿಹರವೂ ದಂಡುಗಳ ಹಾದಿಯಲ್ಲಿದ್ದ ಊರೇ. 1763ರಲ್ಲಿ ಹೈದರನ ಕೈಸೇರಿತು. ಆಮೇಲೆ ಮರಾಠರು ಬಂದು ಹಿಡಿದರು. ಹೊಳೆದಂಡೆಯ ಗದ್ದೆಯವರಿಗೆ ಕುದುರೆಯ ಗೊರಸಿನ ಸದ್ದು ಉತ್ಸಾಹದ ಸದ್ದಾಗಿರಲಾರದು.

ಇಲ್ಲಿ ನನಗೆ ತ.ರಾ.ಸು. ನೆನಪಾದರು. 1920ರಲ್ಲಿ ಅವರು ಹುಟ್ಟಿದ್ದು ಇದೇ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. “ಕಂಬನಿಯ ಕುಯಿಲು”, “ರಕ್ತರಾತ್ರಿ”, “ತಿರುಗುಬಾಣ” ಮೊದಲಾಗಿ ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಕಾದಂಬರಿಯಿಂದ ಕಾದಂಬರಿಗೆ ಬೆಳೆಸಿ, ಕೊನೆಗೆ “ದುರ್ಗಾಸ್ತಮಾನ”ವನ್ನು ಬರೆದರು. ಅವರು ತೀರಿಕೊಂಡ ಮೇಲೆ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಹೆಸರಿನಲ್ಲಿಯೇ ಕಥೆಯ ಮುಕ್ತಾಯವಿದೆ. ಮೊದಲ ಪುಟ ತೆರೆಯುವ ಮುನ್ನವೇ ವಾಚಕನಿಗೆ ಗೊತ್ತು, ದುರ್ಗ ಮುಳುಗುತ್ತದೆ, 1779ರಲ್ಲಿ ಹೈದರನ ಪಾಲಾಗುತ್ತದೆ. ಗೊತ್ತಿದ್ದೂ ಓದುತ್ತಾನೆ, ತಡೆಯಲಾರದೆ ಮರುಗುತ್ತಾನೆ. ಆ ತಡೆಯಲಾರದ ಸಂಕಟವೇ ಕಾದಂಬರಿಯ ರಸ. ಆಟದಲ್ಲಾದರೋ ಯಾವುದನ್ನೂ ತಡೆಯಬಹುದು. ಪೋಲೆಂಡನ್ನು ಉಳಿಸಬಹುದು, ಕಸಾಕರನ್ನು ಗೆಲ್ಲಿಸಬಹುದು. ಎಲ್ಲವನ್ನೂ ತಿದ್ದಬಲ್ಲವನಿಗೆ ಯಾವುದಕ್ಕೂ ಕಣ್ಣೀರು ಬರುವುದಿಲ್ಲ. ಈ ವಿಷಯದಲ್ಲಿ ನನ್ನ ಮತ ಕಾದಂಬರಿಗೆ.

ಆದರೆ ಇನ್ನೊಂದು ವಿಷಯದಲ್ಲಿ ಆಟ ಕಾದಂಬರಿಗಿಂತ ಉದಾರವಾಗಿದೆ, ಅದನ್ನು ಮುಚ್ಚಿಡಲಾಗದು. ಸಿಯೆನ್‌ಕಿಯೆವಿಚ್ ಪೋಲೆಂಡಿನವನು, ಅವನ ಕಸಾಕರು ಪೋಲೆಂಡಿನ ಕಣ್ಣಿಗೆ ಕಂಡ ಕಸಾಕರು. ಆಟದಲ್ಲಿ ಐದು ಪಕ್ಷಗಳಿವೆ: ಪೋಲೆಂಡ್, ಕಸಾಕರು, ಮಾಸ್ಕೋ, ಸ್ವೀಡನ್, ಕ್ರಿಮಿಯಾದ ಖಾನರು. ಯಾರ ಕಡೆ ನಿಂತಾದರೂ ಕಾದಬಹುದು. ನಿನ್ನೆ ಎದುರಾಳಿಯಾಗಿದ್ದವನ ಕುದುರೆಯ ಮೇಲೆ ಇಂದು ಕುಳಿತು ಅದೇ ಬಯಲನ್ನು ನೋಡಬಹುದು.

ಇದರ ಬೆಲೆ ನನಗೆ ತರಗತಿಯಲ್ಲಿ ತಿಳಿದಿತ್ತು. ನಮ್ಮ ದಾವಣಗೆರೆ ತಾಲ್ಲೂಕಿನ ಮಾಯಕೊಂಡದಲ್ಲಿ 1748ರಲ್ಲಿ ದೊಡ್ಡ ಕಾಳಗ ನಡೆಯಿತು. ದುರ್ಗದ ಕಡೆ ಚಂದಾಸಾಹೇಬನಿದ್ದ; ಎದುರಿಗೆ ಬಿದನೂರಿನವರೂ ಅವರ ಮಿತ್ರರೂ. ಆನೆಯ ಮೇಲಿದ್ದ ಮದಕರಿನಾಯಕ ಹರಪನಹಳ್ಳಿಯ ಸೋಮಶೇಖರನಾಯಕನ ಕೈಯಿಂದ ಸತ್ತ. ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು ಮಾಯಕೊಂಡದ ನಿಲ್ದಾಣವನ್ನು ನೋಡಿಯೇ ಇರುತ್ತಾರೆ, ಅದೇ ನೆಲ. ಕೆಲವು ವರ್ಷಗಳ ಹಿಂದೆ ಇದನ್ನು ಪಾಠದ ನಡುವೆ ಹೇಳುತ್ತ ನನ್ನ ದನಿ ತುಸು ಗದ್ಗದವಾಯಿತು, ತ.ರಾ.ಸು. ಓದಿ ಬೆಳೆದವನಿಗೆ ದುರ್ಗವೇ ತನ್ನ ಪಕ್ಷ. ಹಿಂದಿನ ಸಾಲಿನಿಂದ ಹರಪನಹಳ್ಳಿಯ ಹುಡುಗಿಯೊಬ್ಬಳು ಎದ್ದು, “ಸರ್, ನಮ್ಮೂರಲ್ಲಿ ಇದನ್ನ ಗೆದ್ದ ಕತೆ ಅಂತ ಹೇಳ್ತಾರೆ” ಎಂದಳು. ತರಗತಿ ನಕ್ಕಿತು. ನಾನು ಏನೋ ಹೇಳಿ ಮುಂದಿನ ಪದ್ಯಕ್ಕೆ ಹೋದೆ. ಆ ದಿನ ಉತ್ತರ ಕೊಡದೆ ಹೋದುದು ಇಂದಿಗೂ ಮನಸ್ಸಿನಲ್ಲಿದೆ.

ಆ ಹುಡುಗಿಗೆ ಕನ್ನಡದ ಐತಿಹಾಸಿಕ ಕಾದಂಬರಿ ಇನ್ನೂ ಉತ್ತರ ಕೊಡಬೇಕಾಗಿದೆ. ತ.ರಾ.ಸು. ದುರ್ಗಕ್ಕೆ ಕೊಟ್ಟ ಪ್ರೀತಿ ಸಣ್ಣದಲ್ಲ. ಅವರಿಲ್ಲದೆ ನಮ್ಮ ನಾಡಿನ ಈ ಭಾಗಕ್ಕೆ ನೆನಪೇ ಇರುತ್ತಿರಲಿಲ್ಲ. ಆದರೆ ಮಾಯಕೊಂಡವನ್ನು ಹರಪನಹಳ್ಳಿಯ ಕಡೆಯಿಂದಲೂ ನೋಡಬೇಕು, ಬಿದನೂರಿನ ಕಡೆಯಿಂದಲೂ ನೋಡಬೇಕು. ಆನೆಯ ಮೇಲಿಂದ ನೋಡಿದ್ದು ಸಾಕು, ಬತ್ತಿ ಆರದಂತೆ ಅಂಗೈ ಮರೆಮಾಡಿ ನಿಂತ ಕೋವಿಯವನ ಪಕ್ಕದಿಂದಲೂ, ಕುದುರೆಗೆ ಹುಲ್ಲು ಕಿತ್ತುಕೊಂಡು ಹೋದ ಹೊಲದ ಬದುವಿನಿಂದಲೂ ನೋಡಬೇಕು. ಆಟದಿಂದ ಕಲಿಯಬೇಕಾದುದು ಹೊಡೆದಾಟವನ್ನಲ್ಲ. ಮದ್ದು ತುಂಬುವ ಹೊತ್ತಿನ ಲೆಕ್ಕವನ್ನು ಮತ್ತು ಎದುರು ಪಕ್ಷದ ಕುದುರೆಯನ್ನೇರುವ ಧೈರ್ಯವನ್ನು.

ಅಕ್ಕನಿಗೆ ಏನು ಹೇಳಲಿ? ಹುಡುಗನಿಗೆ ಗಾಳಿ ಸೋಕಿಲ್ಲ, ಕಥೆ ಸೋಕಿದೆ ಎಂದೆ. ರಾತ್ರಿ ಹನ್ನೊಂದಕ್ಕೆ ಯಂತ್ರ ಆರಿಸಬೇಕೆಂದು ಅವನಿಂದ ಮಾತು ತೆಗೆದುಕೊಂಡು, ನನ್ನ “ದುರ್ಗಾಸ್ತಮಾನ”ದ ಪ್ರತಿಯನ್ನು ಕೈಗೆ ಕೊಟ್ಟೆ. ಮಾತನ್ನು ಅರ್ಧ ನಡೆಸಿದ್ದಾನೆಂದು ಅಕ್ಕ ಹೇಳುತ್ತಾಳೆ. ಪುಸ್ತಕವನ್ನೂ ಅರ್ಧ ಓದಿದ್ದಾನೆ. ಮೊನ್ನೆ ಫೋನು ಮಾಡಿ, “ಮಾಮಾ, ದುರ್ಗದಾಗೆ ಒಂದ್ ಕೋವಿಗೆ ಮದ್ದು ತುಂಬಾಕೆ ಎಷ್ಟೊತ್ತು ಹಿಡೀತಿತ್ತು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷ ಕಾದಂಬರಿ ಓದಿ, ಓದಿಸಿ, ಆ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.